ನಮ್ಮ ಗಾಡಿಯೊಂದು ಬಿಟ್ಟು

ಕಾರಿನ ಓಡಾಟಕ್ಕೆ ಮಿತಿ ಹಾಕುವ ವಿಚಾರ ಲಂಡನ್ನಿನಲ್ಲೋ ಬೆಂಗಳೂರಿನಲ್ಲೋ ಹುಟ್ಟಿತೆಂದು ನೀವು ತಿಳಿದಿದ್ದರೆ, ನಿಮಗೆ ವಾಡಿ ಜಂಕ್ಷನ್ ಗೊತ್ತಿಲ್ಲ ಅಂತಲೇ ಅರ್ಥ. ಮುಂಬಯಿ ಕಡೆಯಿಂದ ಬಂದ ಹಳಿ ನಮ್ಮ ನೆಲ ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ಮುಂದೆ ಮೂರೇ ವರ್ಷಕ್ಕೆ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಮೋಟಾರಿಗೆ ಪೇಟೆಂಟು ಕೇಳಿದ್ದು 1886ರಲ್ಲಿ. ಅಂದರೆ ಕಾರು ಇನ್ನೂ ಹುಟ್ಟೇ ಇರಲಿಲ್ಲ, ಅದನ್ನು ಅಡ್ಡಗಟ್ಟಿ ನಿಲ್ಲಿಸುವ ಏರ್ಪಾಡು ಮಾತ್ರ ನಮ್ಮಲ್ಲಿ ಆಗಲೇ ಶುರುವಾಗಿತ್ತು.

ರೈಲ್ವೆ ಗೇಟು ಬಿದ್ದಾಗ ನಮ್ಮ ಜನರ ನಡತೆ ನೋಡಬೇಕು. ದೊಡ್ಡವರ ಗಾಡಿ, ಕಲ್ಲು ಹೇರಿದ ಟಿಪ್ಪರ್, ದಿಬ್ಬಣದ ಕ್ರೂಸರ್, ಕಣಿಕೆ ತುಂಬಿದ ಚಕ್ಕಡಿ ಎಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಮುಂದೆ ಸಿಮೆಂಟಿನ ಗೂಡ್ಸು ಹೊರಟಿರುತ್ತದೆ. ಡಬ್ಬಿ ಎಣಿಸುವ ಹುಡುಗರು ನಡುವೆ ಎಣಿಕೆ ಮರೆತು ಮತ್ತೆ ಒಂದರಿಂದ ಹಿಡಿಯುವಷ್ಟು ಉದ್ದದ್ದು. ಅದು ದಾಟಿತು ಅನ್ನುವಾಗ ಆ ಕಡೆಯಿಂದ ಇನ್ನೊಂದು ಬರುತ್ತದೆ. ಇದಕ್ಕಾಗಿ ಯಾರೂ ಹೈಕೋರ್ಟಿಗೆ ಹೋದದ್ದಿಲ್ಲ, ಯಾರೂ ಕಪ್ಪು ಪಟ್ಟಿ ಕಟ್ಟಿದ್ದಿಲ್ಲ. ಇಂಜಿನ್ ಬಂದ್ ಮಾಡಿ, ಕೆಳಗಿಳಿದು, ಹುರಿದ ಶೇಂಗಾ ತಿಂದು, ಪಕ್ಕದ ಗಾಡಿಯವನ ಮಗಳಿಗೆ ಒಂದು ವರ ಸೂಚಿಸುವಷ್ಟರಲ್ಲಿ ಗೇಟು ಏಳುತ್ತದೆ.

ಈಗ ಅದೇ ಜನರ ಮುಂದೆ, "ಐತವಾರ ಒಂದು ದಿನ ಬಜಾರದಾಗ ಕಾರ್ ತರಬ್ಯಾಡ್ರಿ" ಅಂದು ನೋಡಿ. ಅಂದವನ ಕುಲಗೋತ್ರ ವಿಚಾರಣೆಗೆ ಬರುತ್ತದೆ.

ಶಹಾಬಾದಿನ ನಮ್ಮ ಚಹಾದಂಗಡಿಯ ಬೆಂಚಿಗೆ ಈ ವಿಷಯ ತಂದವನು ಫರಸಿ ಕಲ್ಲು ಮಾರುವ ಸಾವಕಾರರ ಅಳಿಯ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಉಗಾದಿಗೆ ಬಂದಿದ್ದ, ಅದೂ ಕಾರಿನಲ್ಲಿ. ರೈಲು ನಮ್ಮೂರ ನಡುವೆಯೇ ನಿಲ್ಲುತ್ತದೆ, ಮತ್ಯಾಕಪ್ಪ ಅಷ್ಟು ದೂರ ಕಾರು ಹೊಡೆದುಕೊಂಡು ಬಂದಿ ಅಂತ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು. ಬೆಂಗಳೂರಿನಲ್ಲಿ ಕಾರು ಕೊಂಡಿದ್ದಾನೆ, ಓಡಿಸಲು ಆಗುತ್ತಿಲ್ಲ. ವರ್ಷಕ್ಕೊಮ್ಮೆಯಾದರೂ ಅದಕ್ಕೆ ನಾಲ್ಕನೇ ಗೇರು ತೋರಿಸಬೇಕಲ್ಲ!

"ಅಲ್ಲಿ ಕೇಳಿದ್ರಾ, ಒಬ್ಬನೇ ಕೂತು ಕಾರಲ್ಲಿ ಹೋದ್ರೆ ಟ್ಯಾಕ್ಸ್ ಹಾಕ್ತಾರಂತೆ" ಅಂದ ಅಳಿಯ. ಅವನ ಕನ್ನಡ ಈಗ ತುಮಕೂರು ದಾಟಿ ಆ ಕಡೆಗೆ ಹೋಗಿಬಿಟ್ಟಿದೆ.

ಸುದ್ದಿಯಂತೂ ನಿಜ. 2025ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡಿನಲ್ಲಿ ಒಬ್ಬರೇ ಕೂತ ಕಾರಿಗೆ ದಟ್ಟಣೆ ಶುಲ್ಕ ಹಾಕುವ ಮಾತು ನಡೆದಿದೆಯೆಂದು ಪತ್ರಿಕೆಗಳು ಬರೆದಿದ್ದವು. ಬೆಂಗಳೂರು ಕೆರಳಿತು. ಮೊದಲು ಗುಂಡಿ ಮುಚ್ಚಿ, ಆಮೇಲೆ ಕಿಸೆಗೆ ಕೈ ಹಾಕಿ ಅಂದರು. ಅದು ಸುಳ್ಳು ಮಾತೇನಲ್ಲ. ಆದರೆ ಗುಂಡಿ ಮುಚ್ಚಿದ ಮೇಲೆ ಶುಲ್ಕ ಕೊಡುತ್ತೇವೆ ಅಂತ ಅವರಲ್ಲಿ ಒಬ್ಬರಾದರೂ ಬರೆದುಕೊಟ್ಟಿದ್ದರೆ ತೋರಿಸಿ, ನಾನು ಚಹಾ ಕೊಡಿಸುತ್ತೇನೆ.

ಬೆಂಚಿನ ಮೇಲೆ ಮೊದಲು ಸಿಡಿದೆದ್ದವನು ಟಂಟಂ ಹುಡುಗ. ಮೂರು ಗಾಲಿಯ ಟಂಟಂ, ಅದರ ಮೇಲೂ ಸಾಲ. ಕಾರಿಗೂ ಅವನಿಗೂ ಇರುವ ಸಂಬಂಧವೆಂದರೆ, ಕಾರಿನವರು ಹಿಂದಿನಿಂದ ಹಾರ್ನ್ ಹೊಡೆದು ಅವನನ್ನು ಬಯ್ಯುವುದು. ಆದರೂ ಅವನೇ ಕೆಂಡವಾದ.

"ಹೆಂಗ್ರೀ ಹಾಕ್ತಾರ? ರೋಡ್ ಏನ್ ಅವರಪ್ಪಂದ?"

"ನಿನಗ್ಯಾಕೋ ಸಿಟ್ಟು? ನಿನ್ನ ಬಲ್ಲಿ ಕಾರ್ ಎಲ್ಲಿ ಅದ?" ಅಂದೆ.

"ಇವತ್ತಿಲ್ರೀ. ನಾಳೆ ತಗೊಂಡ್ರ?"

ಈ ದೇಶದಲ್ಲಿ ಕಾರಿಗೆ ಮಿತಿ ಹಾಕಲು ಹೊರಡುವ ಯಾವ ಅಧಿಕಾರಿಯಾದರೂ ಮೊದಲು ಈ ಹುಡುಗನನ್ನು ಭೇಟಿಯಾಗಬೇಕು. ನಮ್ಮ ದೇಶದಲ್ಲಿ ಕಾರಿರುವ ಮನೆಗಳು ನೂರಕ್ಕೆ ಎಂಟರ ಆಸುಪಾಸು. ಉಳಿದ ತೊಂಬತ್ತೆರಡು ಮನೆಗಳು ಒಂದಾಗಿ ನಿಂತರೆ ಕಾರಿನವರ ಕಥೆ ಮುಗಿದಂತೆ ಅಂತ ಲೆಕ್ಕ ಹಾಕುವವರು ಬಹಳ ಜನ. ಆದರೆ ಆ ತೊಂಬತ್ತೆರಡು ಮನೆಯವರು ಕಾರಿಲ್ಲದವರಲ್ಲ, ಕಾರು ಇನ್ನೂ ಬರಬೇಕಾದವರು. ಮನೆ ಮುಂದಿನ ಜಾಗಕ್ಕೆ ಶೆಡ್ಡಿನ ಅಳತೆ ತೆಗೆದಿಟ್ಟವರು. ಇಂದಿನ ಕಾರಿನವನಿಗಿಂತ ನಾಳಿನ ಕಾರಿನವನು ಹೆಚ್ಚು ಕಟ್ಟಾ ಮನುಷ್ಯ. ಇದ್ದವನಿಗೆ ಪೆಟ್ರೋಲಿನ ಬೆಲೆ, ಸರ್ವೀಸಿಂಗಿನ ಬಿಲ್ಲು ಗೊತ್ತಿರುತ್ತದೆ, ಸ್ವಲ್ಪ ವೈರಾಗ್ಯ ಬಂದಿರುತ್ತದೆ. ಇಲ್ಲದವನ ಭಕ್ತಿಗೆ ಅಂಥ ಯಾವ ಕಲೆಯೂ ಇಲ್ಲ.

ನಮ್ಮ ಪಿಂಚಣಿ ಮಾಸ್ತರು ಇಷ್ಟು ಹೊತ್ತು ಬಶಿಯಲ್ಲಿ ಚಹಾ ಸುರಿದು ಆರಿಸುತ್ತಿದ್ದರು. ಇವರದೊಂದು ಹಳೆಯ ಫಿಯಾಟ್ ಇದೆ. ಬೇವಿನ ಮರದ ಕೆಳಗೆ ನಿಂತಿದೆ. ನಿಂತಿದೆ ಅಂದರೆ ಪೂರಾ ನಿಂತುಬಿಟ್ಟಿದೆ. ಅದರ ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತು ಮರಿಗಳನ್ನು ಎಬ್ಬಿಸಿಕೊಂಡು ಹೋದದ್ದನ್ನು ಓಣಿಯೆಲ್ಲ ನೋಡಿದೆ. ಮಾಸ್ತರು ಮಾತ್ರ ದಿನಾ ಮುಂಜಾನೆ ಅದನ್ನು ಒರೆಸುತ್ತಾರೆ. ಅವರು ಬಶಿ ಕೆಳಗಿಟ್ಟು ವಿಜ್ಞಾನೇಶ್ವರನನ್ನು ಎತ್ತಿಕೊಂಡರು.

ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ಪಕ್ಕದ ಮಾರ್ತೂರಿನವನು ಎಂಬುದು ನಮ್ಮ ಕಡೆಯ ಹೆಮ್ಮೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಪಾಲು ಬರುವುದು ಅಪ್ಪ ಸತ್ತ ಮೇಲಲ್ಲ, ಮಗ ಹುಟ್ಟಿದ ಗಳಿಗೆಯಿಂದಲೇ ಅಂತ ಬರೆದ. ಬಂಗಾಳದ ಕಡೆಯೊಂದು ಬಿಟ್ಟರೆ ಹಿಂದೂಗಳ ಆಸ್ತಿ ವ್ಯಾಜ್ಯವೆಲ್ಲ ನೂರಾರು ವರ್ಷ ಅವನ ಮಾತಿನ ಮೇಲೆ ನಡೆಯಿತು. ಶಹಾಬಾದಿನಿಂದ ಕಲಬುರಗಿಗೆ ಪ್ಯಾಸೆಂಜರಿನಲ್ಲಿ ಹೋಗುವವರು ಮಾರ್ತೂರು ಬಂದಾಗ ಕಿಟಕಿಯಾಚೆ ಒಂದು ಸಲ ಕೈ ಮುಗಿಯಬೇಕು. ಕೋರ್ಟಿಗೆ ಹೋಗುವವರಂತೂ ತಪ್ಪದೇ.

"ಕಾರ್ ಶೋರೂಮಿನ್ಯಾಗೂ ಈ ಜನ್ಮಸಿದ್ಧ ಹಕ್ಕೇ ನಡೀತದ" ಅಂದರು ಮಾಸ್ತರು. "ಗಾಡಿ ಬಾಗಲಾ ದಾಟಿ ಹೊರಗ ಬಂತೋ, ರಸ್ತಾದಾಗ ಅದಕ್ಕೊಂದು ಪಾಲು ಬಂತು ಅಂತ ತಿಳಕೋತಾರ. ನಿಂಬೆಕಾಯಿ ಒಡದವ್ರ ಕೈಗೆ ಪಟ್ಟಾ ಸಿಕ್ಕಂಗ. ಖರೇ, ವಿಜ್ಞಾನೇಶ್ವರ ಹೇಳಿದ್ದ ಇನ್ನೊಂದು ಮಾತು ಯಾರೂ ಓದಂಗಿಲ್ಲ. ಮನ್ಯಾಗ ಹೊಸಾ ಕೂಸು ಹುಟ್ಟಿದ್ರ ಇದ್ದವ್ರ ಪಾಲು ಅಷ್ಟಷ್ಟೇ ಸಣ್ಣದಾಗ್ತದ."

ಅಳಿಯ ತಲೆ ಕೆರೆದುಕೊಂಡ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿ ಕೆಲ ವರ್ಷಗಳೇ ಆದವು. ಅಷ್ಟು ಮಕ್ಕಳು ಹುಟ್ಟಿದ ಮನೆಯಲ್ಲಿ ಪಾಲು ಎಷ್ಟು ಬರುತ್ತದೆ ಅಂದರೆ, ಸಿಲ್ಕ್ ಬೋರ್ಡಿನ ಹತ್ತಿರ ಸಂಜೆ ನಿಂತಾಗ ಕಾರಿನ ಉದ್ದ ಎಷ್ಟೋ ಅಷ್ಟು. ಒಂದು ಗೇಣೂ ಹೆಚ್ಚಿಲ್ಲ.

ಹಾಗಂತ ಬೆಂಗಳೂರು ಪ್ರಯತ್ನ ಮಾಡಿಲ್ಲವೆಂದಲ್ಲ. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಬಸ್ಸಿಗೆಂದೇ ಒಂದು ಪಥ ಬಿಟ್ಟುಕೊಟ್ಟರು. ಬಸ್ಸು ಸರ್ರನೆ ಮುಂದೆ ಹೋದಾಗ ಪಕ್ಕದ ಸಾಲಿನ ಕಾರಿನಲ್ಲಿ ಕೂತವರ ಮುಖ ಹೇಗಿರುತ್ತಿತ್ತೆಂದು ಅಳಿಯ ಅಭಿನಯಿಸಿ ತೋರಿಸಿದ. ಆಮೇಲೆ ಮೆಟ್ರೋ ಕಾಮಗಾರಿ ಬಂತು, ಪಥ ಹೋಯಿತು. ಕಬ್ಬನ್ ಪಾರ್ಕಿನೊಳಗೆ ಭಾನುವಾರ ವಾಹನ ಬಿಡುವುದಿಲ್ಲ. ಮೊದಲಿಗೆ ಗೊಣಗಿದ ಊರೇ ಈಗ ಅಲ್ಲಿ ಭಾನುವಾರ ಮಕ್ಕಳಿಗೆ ಸೈಕಲ್ ಕಲಿಸುತ್ತದೆ.

ಇವೆಲ್ಲಕ್ಕಿಂತ ಸ್ವಾರಸ್ಯದ್ದು ಚರ್ಚ್ ಸ್ಟ್ರೀಟಿನ ಕಥೆ. 2018ರಲ್ಲಿ ಆ ರಸ್ತೆಯ ಡಾಂಬರು ಕಿತ್ತು ಕಲ್ಲು ಹಾಸಿದರು. 2020ರ ನವೆಂಬರ್ 7ರಿಂದ ವಾರದ ಕೊನೆಗೆ ಎರಡು ದಿನ ಮೋಟಾರಿಗೆ ಪ್ರವೇಶವಿಲ್ಲ ಅಂದರು. ಕೊರೊನಾ ಇನ್ನೂ ಹೋಗಿರಲಿಲ್ಲ, ಜನರಿಗೆ ಬಯಲಿನಲ್ಲಿ ನಿಲ್ಲುವ ಆಸೆ ಹುಟ್ಟಿದ ಕಾಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಗಾಳಿಯನ್ನು ಅಳೆದು ನೋಡಿದರು. ರಸ್ತೆಯ ನಡುವೆ ಜನ ಕೂತರು, ಹಾಡಿದರು, ಫೋಟೊ ಹೊಡೆಸಿಕೊಂಡರು. 2021ರಲ್ಲಿ ಪ್ರಯೋಗ ಮುಗಿಯಿತು, ಗಾಡಿಗಳು ಮರಳಿ ಬಂದವು. ಇದನ್ನೆಲ್ಲ ಅಳಿಯ ಫೋನಿನಲ್ಲಿ ಫೋಟೊ ಸಮೇತ ವಿವರಿಸಿದ.

ಸಾವಕಾರರು ಕನ್ನಡಕ ಏರಿಸಿ ಫೋಟೊ ನೋಡಿದರು, ಬೆರಳಿಂದ ಹಿಗ್ಗಿಸಿ ನೋಡಿದರು.

"ಇದು ಗ್ರಾನೈಟ್ ಅಲ್ಲೇನು?"

"ಹೌದು ಮಾವ."

"ನಂಬಲ್ಲಿ ಫರಸಿ ಏನ್ ಸತ್ತಿತ್ತೇನು?"

ಕಾರು ಬಿಡಬೇಕೋ ಬಿಡಬಾರದೋ ಎಂಬ ಪ್ರಶ್ನೆಗೆ ನಮ್ಮ ಸಾವಕಾರರ ನಿಲುವು ಅಲ್ಲಿಗೆ ಸ್ಪಷ್ಟವಾಯಿತು. ಅಡಿಗೆ ಶಹಾಬಾದ ಕಲ್ಲು ಹಾಸುವುದಾದರೆ ಬೆಂಗಳೂರಿನ ಯಾವ ರಸ್ತೆಯಲ್ಲೂ ಕಾರು ಬೇಡ. ಗ್ರಾನೈಟ್ ಹಾಸುವುದಾದರೆ ಕಾರು ಹೋಗಲಿ, ರೋಡ್ ರೋಲರೇ ಹೋಗಲಿ. ನೀವು ನಗಬಹುದು. ಆದರೆ ಜಗತ್ತಿನ ದೊಡ್ಡ ದೊಡ್ಡ ಊರುಗಳ ಜನಾಭಿಪ್ರಾಯವೂ ಇಷ್ಟೇ ಗಟ್ಟಿಯಾದ ಬುನಾದಿಯ ಮೇಲೆ ನಿಂತಿರುತ್ತದೆ.

ಪ್ಯಾರಿಸ್ಸನ್ನು ನೋಡಿ. 2024ರ ಫೆಬ್ರವರಿಯಲ್ಲಿ ಭಾರಿ ಗಾತ್ರದ ಎಸ್‌ಯುವಿಗಳ ಪಾರ್ಕಿಂಗ್ ದರ ಮೂರು ಪಟ್ಟು ಮಾಡೋಣವೇ ಅಂತ ಊರವರ ಮತ ಕೇಳಿದರು. ನೂರಕ್ಕೆ ಆರು ಜನವೂ ಮತಗಟ್ಟೆಗೆ ಬರಲಿಲ್ಲ. ಬಂದವರಲ್ಲಿ ಹೆಚ್ಚಿನವರು ಹೂಂ ಅಂದರು. ಎಂಥ ಪರಿಸರ ಪ್ರಜ್ಞೆ ಅಂತ ಕಣ್ಣೊರೆಸಿಕೊಳ್ಳುವ ಮೊದಲು ಕೆಳಗಿನ ಸಣ್ಣ ಅಕ್ಷರ ಓದಬೇಕು: ತಮ್ಮ ಓಣಿಯಲ್ಲಿ ನಿಲ್ಲಿಸುವ ಸ್ಥಳೀಯರಿಗೆ ಆ ದರ ಇಲ್ಲ. ಹೊರಗಿನವರ ಗಾಡಿಗೆ ದಂಡ ಹಾಕೋಣವೇ ಅಂತ ಕೇಳಿದರೆ ಶಹಾಬಾದಿನವರೂ ಎರಡೂ ಕೈ ಎತ್ತುತ್ತಾರೆ, ಚಿತ್ತಾಪುರದವರಿಗೆ ಅಂದರೆ ಕಾಲನ್ನೂ ಎತ್ತುತ್ತಾರೆ. ಚಿತ್ತಾಪುರದವರು ನಮ್ಮ ಬಗ್ಗೆ ಏನು ಎತ್ತುತ್ತಾರೋ ನಾನು ಹೇಳುವುದಿಲ್ಲ.

ಲಂಡನ್ನಿನವರು 2003ರಿಂದ ದಟ್ಟಣೆ ಶುಲ್ಕ ಕಟ್ಟುತ್ತ ಬಂದ ಸಭ್ಯಸ್ಥರು. 2023ರಲ್ಲಿ ಹಳೆಯ ಹೊಗೆಗಾಡಿಗಳ ಮೇಲಿನ ಶುಲ್ಕವನ್ನು ಊರ ಹೊರವಲಯಕ್ಕೂ ಹಬ್ಬಿಸಿದಾಗ ಕೆಲವರು ರಾತ್ರೋರಾತ್ರಿ ಕ್ಯಾಮೆರಾಗಳ ತಂತಿ ಕತ್ತರಿಸಿಕೊಂಡು ಹೋದರು. ಇದನ್ನು ಕೇಳಿ ಟಂಟಂ ಹುಡುಗನಿಗೆ ಬಹಳ ಸಮಾಧಾನವಾಯಿತು. ಅಲ್ಲಿಯೂ ನಮ್ಮವರು ಇದ್ದಾರಲ್ಲ!

ಮಾಸ್ತರು ಪೇಪರು ಓದುವವರು. ಅವರ ಹತ್ತಿರ ಸ್ಟಾಕ್‌ಹೋಮಿನ ಕಥೆ ಇತ್ತು. ಅಲ್ಲಿ ಊರೊಳಗೆ ಬರುವ ಕಾರಿಗೆ ಶುಲ್ಕ ಅಂದಾಗ ಹೆಚ್ಚಿನವರು ಬೇಡವೆಂದರು. ಸರಿ, ಬೇಡ ಅನ್ನುವ ಮೊದಲು ಏಳು ತಿಂಗಳು ನೋಡೋಣ ಅಂತ 2006ರ ಜನವರಿ 3ರಿಂದ ಜುಲೈ ಕೊನೆಯವರೆಗೆ ಶುಲ್ಕ ಹಾಕಿದರು. ಹೆಚ್ಚುವರಿ ಬಸ್ಸುಗಳನ್ನೂ ಬಿಟ್ಟರು. ಗಾಡಿಗಳು ಐದರಲ್ಲಿ ಒಂದರಷ್ಟು ಕಡಿಮೆಯಾದವು. ಆಗಸ್ಟಿನಲ್ಲಿ ಶುಲ್ಕ ನಿಲ್ಲಿಸಿದರು, ಗದ್ದಲ ಮತ್ತೆ ಏರಿತು. ಸೆಪ್ಟೆಂಬರಿನಲ್ಲಿ ಮತ ಕೇಳಿದರೆ ಅದೇ ಊರಿನ ಅದೇ ಜನ, ಇರಲಿ ಬಿಡ್ರಿ ಅಂದರು. 2007ರ ಆಗಸ್ಟಿನಿಂದ ಅದು ಕಾಯಂ ಆಯಿತು. ಇದಕ್ಕೆ ತಿರುಗಾ ಮುರುಗಾ ಎಡಿನ್‌ಬರೋ. ಪ್ರಯೋಗ ಗೀಯೋಗ ಏನಿಲ್ಲದೆ 2005ರಲ್ಲಿ ನೇರ ಮತ ಕೇಳಿತು; ನಾಲ್ವರಲ್ಲಿ ಮೂವರು ಬೇಡವೆಂದರು, ಕಡತ ಮುಚ್ಚಿತು. ಮ್ಯಾಂಚೆಸ್ಟರ್ 2008ರಲ್ಲಿ ಹಾಗೇ ಕೇಳಿ ಹಾಗೇ ಒದೆ ತಿಂದಿತು.

"ಮೊದ್ಲು ಕೇಳಬಾರ್ದು ಬಿಡ್ರಿ" ಅಂದರು ಸಾವಕಾರರು. "ನಮ್ಮಪ್ಪ ನನಗ ಮದುವಿ ಮಾಡ್ಕೋತೀ ಏನು ಅಂತ ಕೇಳಿದ್ದಿಲ್ಲ. ಕೇಳಿದ್ದಿದ್ರ ನಾ ಇವತ್ತಿಗೂ ವಿಚಾರ ಮಾಡ್ತಾನೇ ಇರ್ತಿದ್ದೆ. ಈಗ ಕೇಳ್ರಿ, ಚೊಲೋ ಆತು ಅಂತೀನಿ." ಅಳಿಯ ಎದುರಿಗೇ ಕೂತಿದ್ದರಿಂದ ಬೇರೆ ಏನೂ ಅನ್ನುವ ಹಾಗಿರಲಿಲ್ಲ.

ದಿಲ್ಲಿಯವರು ಕೇಳಲಿಲ್ಲ, ಮಾಡಿಯೇಬಿಟ್ಟರು. 2016ರ ಜನವರಿ 1ರಿಂದ ಹದಿನೈದು ದಿನ ಸಮ ಸಂಖ್ಯೆಯ ಕಾರು ಒಂದು ದಿನ, ಬೆಸ ಸಂಖ್ಯೆಯದು ಮರುದಿನ. ಜನ ಸುಮ್ಮನೆ ಪಾಲಿಸಿದರು, ಕೆಲವರು ಖುಷಿಯಿಂದಲೇ. ಏಪ್ರಿಲಿನಲ್ಲಿ ಎರಡನೇ ಸಲ ತಂದಾಗ ಉತ್ಸಾಹ ಇಳಿದಿತ್ತು. ನನಗೆ ಇಷ್ಟವಾದದ್ದು ಅದರ ವಿನಾಯಿತಿ ಪಟ್ಟಿ. ದ್ವಿಚಕ್ರ ವಾಹನಕ್ಕೆ ಅನ್ವಯವಿಲ್ಲ, ಒಬ್ಬಂಟಿ ಮಹಿಳೆಗೆ ಇಲ್ಲ, ಸಿಎನ್‌ಜಿಗೆ ಇಲ್ಲ, ಗಣ್ಯರಿಗಂತೂ ಪುಟಗಟ್ಟಲೆ ಇಲ್ಲ. ದಿಲ್ಲಿ ರಸ್ತೆಯ ಮೇಲಿನ ದೊಡ್ಡ ಹಿಂಡು ದ್ವಿಚಕ್ರಗಳದೇ. ಇದನ್ನು ಕೇಳಿ ಸಾವಕಾರರು ಒಂದೇ ಮಾತಿನಲ್ಲಿ ಪರಿಹಾರ ಸೂಚಿಸಿದರು: ಎರಡು ಕಾರು ತೆಗೆದುಕೊಳ್ಳುವುದು, ನಂಬರು ಮಾತ್ರ ಬೇರೆ ಬೇರೆ.

ಈ ಹಂತದಲ್ಲಿ ಟಂಟಂ ಹುಡುಗ ಎದ್ದು ನಿಂತ, ಎರಡೂ ಕೈ ಆಗ್ನೇಯಕ್ಕೆ ಚಾಚಿದ. ಆ ಕಡೆ ವಾಡಿ.

"ಅಲ್ರೀ, ನನ್ ಟಂಟಂದು ಹೊಗಿ ನಿಮಗ ಕಾಣ್ತದ. ಅಕಾ ಆ ಚಿಮಣಿ ಕಾಣಂಗಿಲ್ಲೇನ್ರೀ?"

ಇದಕ್ಕೆ ಉತ್ತರ ಹೇಳುವುದು ಕಷ್ಟ. ಬೇರೆ ಊರಿನವರಿಗೆ ಕಾರಿನ ಹೊಗೆಯೇ ಹೊಗೆ. ನಮಗೆ ಹಾಗಲ್ಲ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಸೇರಿ ಎಸಿಸಿ ಆದಾಗ ಅದರಲ್ಲಿ ಶಹಾಬಾದಿನದೂ ಒಂದು. ಆಮೇಲೆ ವಾಡಿ, ಸೇಡಂ, ಮಳಖೇಡ, ಚಿತ್ತಾಪುರದ ಇಟಗಾ, ಈಗ ಚಿಂಚೋಳಿಯ ಕಡೆಗೂ ಚಿಮಣಿ. ನೃಪತುಂಗನ ಮಾನ್ಯಖೇಟವಾಗಿದ್ದ ಈ ಮಳಖೇಡದ ಹೆಸರು ಹೇಳಿದರೆ ಇವತ್ತು ಕನ್ನಡ ಮೇಷ್ಟ್ರಿಗೆ ಕವಿರಾಜಮಾರ್ಗ ನೆನಪಾಗುತ್ತದೆ, ಲಾರಿ ಡ್ರೈವರಿಗೆ ಲೋಡಿಂಗ್ ಸರದಿ. ನೆಲದಡಿ ಸುಣ್ಣದಕಲ್ಲು ಹಾಸಿಗೆಯಂತೆ ಬಿದ್ದಿದೆ. ಚಪ್ಪಡಿಯಾಗಿ ಏಳುವುದನ್ನು ಫರಸಿ ಅಂತ ಮಾರುತ್ತೇವೆ, ಉಳಿದದ್ದನ್ನು ಸುಟ್ಟು ಸಿಮೆಂಟು ಮಾಡುತ್ತೇವೆ.

ಲೆಕ್ಕ ಹೀಗಿದೆ. ಶುದ್ಧ ಸುಣ್ಣದಕಲ್ಲು ನೂರು ಕಿಲೋ ಸುಟ್ಟರೆ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಇದು ಕಲ್ಲಿದ್ದಲಿನ ಹೊಗೆಯಲ್ಲ, ಕಲ್ಲಿನೊಳಗಿನದೇ. ಎಷ್ಟು ಒಳ್ಳೆಯ ಒಲೆ ತಂದರೂ ಇದನ್ನು ತಪ್ಪಿಸಲು ಬರುವುದಿಲ್ಲ. ಕಲ್ಲಿದ್ದಲಿನದನ್ನೂ ಸೇರಿಸಿ ಸರಾಸರಿ ಹಿಡಿದರೆ, 50 ಕಿಲೋದ ಒಂದು ಸಿಮೆಂಟ್ ಚೀಲದ ಹಿಂದೆ 30 ಕಿಲೋ ಹತ್ತಿರ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಬರುವುದು 2.3 ಕಿಲೋ. ಇಲ್ಲಿಂದ ಕಲಬುರಗಿಗೆ ಕಾರಿನಲ್ಲಿ ಹೋಗಿ ಬರಲು ನಾಲ್ಕು ಲೀಟರ್ ಹಿಡಿಯಿರಿ, ಒಂಬತ್ತು ಕಿಲೋ ಆಯಿತು. ಅಂದರೆ ಮೂರು ಸಲ ಕಲಬುರಗಿಗೆ ಹೋಗಿ ಬಂದರೂ ಒಂದು ಚೀಲ ಸಿಮೆಂಟಿನ ಸಮ ಆಗುವುದಿಲ್ಲ. ಮನುಷ್ಯರು ಮಾಡುವ ಒಟ್ಟು ಇಂಗಾಲದ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೇ ಎನ್ನುತ್ತಾರೆ.

ಈ ಲೆಕ್ಕ ಕೇಳಿ ಟಂಟಂ ಹುಡುಗ ಗೆದ್ದವನಂತೆ ಕೂತ. ಸಾವಕಾರರಂತೂ ಇನ್ನೂ ಮುಂದೆ ಹೋದರು. ಕಲ್ಲನ್ನು ಸುಡದೆ ಹಾಗೇ ನೆಲಕ್ಕೆ ಹಾಸಿದರೆ ಆ 44 ಕಿಲೋ ಕಲ್ಲಿನೊಳಗೇ ಇರುತ್ತದಲ್ಲ, ಹಾಗಾದರೆ ಫರಸಿ ಮಾರುವ ತಾನು ಪರಿಸರವಾದಿ ಆದೆನಲ್ಲ ಅಂತ ಕೇಳಿದರು. ರಸಾಯನಶಾಸ್ತ್ರದ ಪ್ರಕಾರ ಹೌದು ಅನ್ನಬೇಕಾಯಿತು. ಗಣಿಯ ದೂಳು, ಟಿಪ್ಪರಿನ ಡೀಸೆಲ್ಲು, ಕೊರೆದು ಬಿಟ್ಟ ಹೊಂಡ ಇವುಗಳ ಸುದ್ದಿ ನಾನು ತೆಗೆಯಲಿಲ್ಲ. ಚಹಾದ ದುಡ್ಡು ಅವರೇ ಕೊಡುವವರಿದ್ದರು.

ಆದರೆ ಹುಡುಗನ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಆ ಸಿಮೆಂಟು ಹೋಗುವುದೆಲ್ಲಿಗೆ? ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹದಿನಾರು ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗ ರಸ್ತೆ ಮಾಡುವ ಯೋಜನೆ ಇದೆ. ಮೇಲ್ಸೇತುವೆಗಳಿವೆ. ಅಪಾರ್ಟ್‌ಮೆಂಟಿನ ಕೆಳಗೆ ಎರಡೆರಡು ಅಂತಸ್ತು ಕಾರುಗಳಿಗೆ ಬಾಡಿಗೆಯಿಲ್ಲದ ಮನೆ. ಅಳಿಯ ಒಂದು ಕಾರು ಕೊಂಡರೆ ಅದರ ಹೊಗೆ ಬೆಂಗಳೂರಿನಲ್ಲಿ ಬರುತ್ತದೆ, ಅದು ಓಡುವ ಸೇತುವೆಯ ಹೊಗೆ ಮಾವನ ಊರ ಕಡೆ ಬರುತ್ತದೆ. ವರದಕ್ಷಿಣೆಯ ಹೊಸ ನಮೂನೆ ಅನ್ನಿ. ಕಾರಿಗೆ ಅಲ್ಲಿ ಮಿತಿ ಬಿದ್ದರೆ ಇಲ್ಲಿಯ ಕಲ್ಲಿಗೂ ಸ್ವಲ್ಪ ಉಸಿರು. ಹಾಗಂದ ಕೂಡಲೇ ಬೆಂಚಿನ ತುದಿಯಲ್ಲಿ ಕೂತ ಲೋಡಿಂಗ್ ಮೇಸ್ತ್ರಿ, "ನಮ್ಮ ಕೂಲಿಗೂ ಉಸಿರು ನಿಂತಂಗ" ಅಂದ. ಅವನ ಮಾತಿಗೆ ಯಾರೂ ನಗಲಿಲ್ಲ.

ಇನ್ನು ಕಲಬುರಗಿ. 2019ರಲ್ಲಿ ಕೇಂದ್ರದವರು ಗಾಳಿ ಶುದ್ಧಿ ಕಾರ್ಯಕ್ರಮ ಶುರು ಮಾಡಿದಾಗ ಕರ್ನಾಟಕದಿಂದ ನಾಲ್ಕು ಊರುಗಳ ಹೆಸರು ಹೋಯಿತು. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಅಳಿಯನಿಗೆ ಇದು ಗೊತ್ತಿರಲಿಲ್ಲ. ಊರಿಗೆ ಬಂದದ್ದು ಶುದ್ಧ ಗಾಳಿಗೆ ಅಂತ ಹೆಂಡತಿಗೆ ಹೇಳಿ ಕರೆತಂದಿದ್ದ.

ಬಿಸಿಲಿನ ಮಾತು ಬಂತು. ನಲವತ್ತಮೂರು ಡಿಗ್ರಿಯಲ್ಲಿ ನಡೆಯಿರಿ ಅನ್ನುವವನನ್ನು ಮೊದಲು ಬರಿಗಾಲಲ್ಲಿ ಸಾವಕಾರರ ಫರಸಿ ಮೇಲೆ ನಿಲ್ಲಿಸಬೇಕು. ಅದೂ ಖರೆಯೇ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳೇ ಮುಂಜಾನೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಆದರೆ ಬಿಸಿಲಿನ ಹೆಸರಿನಲ್ಲಿ ಕಾರು ಹತ್ತುವವರ ಮನೆಗಳಲ್ಲಿ ಒಂದು ತಮಾಷೆ ನೋಡಿದ್ದೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಯಜಮಾನರು ಕಲಬುರಗಿ ಕೋರ್ಟಿನ ಕೆಲಸಕ್ಕೆ ಒಬ್ಬರೇ ಕಾರಿನಲ್ಲಿ ಹೋಗುತ್ತಾರೆ, ನಾಲ್ಕು ನೂರು ರೂಪಾಯಿಗೂ ಮಿಕ್ಕಿ ಪೆಟ್ರೋಲು. ಅದೇ ದಿನ ಅದೇ ಊರಿಗೆ ಯಜಮಾನತಿ ಸೀರೆ ಕೊಳ್ಳಲು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಹೋಗುತ್ತಾಳೆ, ಸೊನ್ನೆ ರೂಪಾಯಿ. ಬಸ್ಸಿನಲ್ಲಿ ಆಕೆಗೆ ಬಿಸಿಲು ಬಡಿಯುವುದಿಲ್ಲವೇ ಅಂತ ಕೇಳಿದರೆ, "ಆಕಿಗಿ ರೂಢಿ ಅದ ಬಿಡ್ರಿ" ಅನ್ನುತ್ತಾರೆ ಯಜಮಾನರು. ಗಂಡಸರ ಕಾರಿಗೆ ಮಿತಿ ಹಾಕುವ ಬದಲು ಅವರಿಗೂ ಬಸ್ಸು ಪುಕ್ಕಟೆ ಮಾಡಿದರೆ ಬಿಡುತ್ತಾರೋ? ಬಿಡಲಿಕ್ಕಿಲ್ಲ. ಬಸ್ಸಿನಿಂದ ಇಳಿದವನನ್ನು ಕೋರ್ಟಿನ ಕಟ್ಟೆಯ ಮೇಲೆ ಯಾರೂ "ಬರ್ರಿ ಬರ್ರಿ" ಅನ್ನುವುದಿಲ್ಲ.

ಹಾಗಾದರೆ ನಮ್ಮ ಜನ ಒಪ್ಪುವುದೇ ಇಲ್ಲವೇ? ಕಲಬುರಗಿಯ ಶರಣಬಸವೇಶ್ವರ ತೇರಿನ ದಿನ ಹೋಗಿ ನೋಡಿ. ಹೋಳಿ ಮುಗಿದ ಮೇಲೆ ಬರುವ ಜಾತ್ರೆ, ಲಕ್ಷಗಟ್ಟಲೆ ಜನ. ಗಾಡಿಗಳನ್ನು ಎಷ್ಟೋ ದೂರದಲ್ಲೇ ತಡೆಯುತ್ತಾರೆ. ಕೋಟಿ ರೂಪಾಯಿಯ ಕಾರಿನವನೂ ಅಲ್ಲೇ ಇಳಿದು, ಕೈಯಲ್ಲಿ ಬಾಳೆಹಣ್ಣು ಉತ್ತತ್ತಿ ಹಿಡಿದು, ಸೆಕೆಯಲ್ಲಿ ಬೆವರಿಳಿಸುತ್ತ ನಡೆಯುತ್ತಾನೆ. ಬಂದೇನವಾಜರ ಉರುಸಿನಲ್ಲೂ ಅಷ್ಟೆ. ತೇರಿನ ಮುಂದೆ ನನ್ನ ಕಾರೊಂದು ಬಿಡ್ರಿ ಅಂತ ಕೇಳಿದವನನ್ನು ನಾನು ಕಂಡಿಲ್ಲ. ಎಲ್ಲರನ್ನೂ ಒಂದೇ ಕಡೆ ಇಳಿಸಿದರೆ ಯಾರಿಗೂ ಅವಮಾನವಿಲ್ಲ. ಮುಂದಿನವನೊಬ್ಬನನ್ನು ಒಳಗೆ ಬಿಟ್ಟರೋ, ಹಿಂದಿನ ನೂರು ಜನರಿಗೆ ತಮ್ಮ ತಮ್ಮ ಮೊಣಕಾಲು ನೋವು ನೆನಪಾಗುತ್ತದೆ.

ಸರಿ, ಮಾತು ಇಷ್ಟು ದೂರ ಬಂದ ಮೇಲೆ ಕೈಯಲ್ಲಿ ಮಾಡಿ ತೋರಿಸಬೇಕಲ್ಲ. ಬೆಂಚಿನ ಮೇಲೇ ಠರಾವು ತಯಾರಾಯಿತು: ಸಂತೆಯ ದಿನ ಮಧ್ಯಾಹ್ನದ ತನಕ ಬಜಾರದೊಳಗೆ ಕಾರು ತರಬಾರದು. ಎರಡು ತಿಂಗಳು ಪ್ರಯೋಗ, ಸ್ಟಾಕ್‌ಹೋಮಿನಂತೆ. ಅಳಿಯ ಫೋನಿನಲ್ಲಿ ಬರೆದುಕೊಂಡ. ಎಲ್ಲರೂ ಹೌದೌದು ಅಂದರು.

"ಆಸ್ಪತ್ರಿ ಗಾಡಿ ಬಿಡಬೇಕು ನೋಡ್ರಿ" ಅಂದರು ಯಾರೋ. ಅದು ನ್ಯಾಯವೇ, ಬರೆದುಕೊಂಡ. ಬಾಣಂತಿ ಇದ್ದ ಗಾಡಿ. ಬರೆದುಕೊಂಡ. ಹೆಣ ಒಯ್ಯುವ ಗಾಡಿ, ಮದುಮಗ ಕೂತ ಗಾಡಿ. "ಮದುಮಗಳು?" ಅಂದರು, ಆಕೆಯನ್ನೂ ಸೇರಿಸಿದ. ಕಲ್ಲಿನ ಸ್ಯಾಂಪಲ್ ತೋರಿಸಲು ಗಿರಾಕಿಯನ್ನು ಕರೆತರುವ ಗಾಡಿ ಬಿಡಬೇಕು ಅಂದರು ಸಾವಕಾರರು. ಅದು ಕಾರಲ್ಲ, ವ್ಯಾಪಾರ. ವಕೀಲರ ಗಾಡಿ ತಡೆದರೆ ಕೇಸು ಹಾಕುತ್ತಾರೆ, ಪತ್ರಕರ್ತರದು ತಡೆದರೆ ಸುದ್ದಿ ಹಾಕುತ್ತಾರೆ, ಇಬ್ಬರೂ ಪಟ್ಟಿಗೆ ಬಂದರು. ನಗರಸಭೆಯ ಹಾಲಿ ಸದಸ್ಯರು. ಮಾಜಿಗಳಿಗೆ ಬೇಜಾರಾಗುತ್ತದೆ ಅಂತ ಮಾಜಿ ಸದಸ್ಯರು. ಮುಂದಿನ ಸಲ ನಿಲ್ಲುವವರು. ಟಂಟಂ ಮೂರು ಗಾಲಿಯದು, ಕಾರಿನ ವ್ಯಾಖ್ಯೆಗೇ ಬರುವುದಿಲ್ಲ ಅಂತ ಹುಡುಗ ಕಾನೂನು ಹೇಳಿದ. ಹಬ್ಬಕ್ಕೆ ಬಂದ ಅಳಿಯಂದಿರ ಕಾರನ್ನು ಊರ ಹೊರಗೆ ನಿಲ್ಲಿಸಿದರೆ ಮಗಳ ಮುಖ ನೋಡುವ ಹಾಗಿಲ್ಲ, ಅದನ್ನು ಸಾವಕಾರರೇ ಮೆಲ್ಲನೆ ಸೂಚಿಸಿದರು. ಅಳಿಯ ಸಂಕೋಚದಿಂದಲೇ ಬರೆದುಕೊಂಡ.

ಪಟ್ಟಿ ಮುಗಿಯಿತು. ಬಜಾರದ ಸುತ್ತಮುತ್ತ ಇರುವ ಗಾಡಿಗಳನ್ನೆಲ್ಲ ಒಂದೊಂದಾಗಿ ನೆನೆದು, ಪಟ್ಟಿಗೆ ತಾಳೆ ಹಾಕಿ, ಯಾವುದಕ್ಕೆ ಈ ಠರಾವು ಬಡಿಯುತ್ತದೆ ಅಂತ ಅಳಿಯ ಎಣಿಸಿದ. ಒಂದೇ ಒಂದು ಉಳಿಯಿತು. ಬೇವಿನ ಮರದ ಕೆಳಗಿನ ಫಿಯಾಟ್.

ಎಲ್ಲರೂ ಮಾಸ್ತರ ಕಡೆ ತಿರುಗಿದರು. ಸ್ಟಾಕ್‌ಹೋಮಿನ ಕಥೆ ಹೇಳಿದವರು ಅವರು, ಠರಾವಿಗೆ ಮೊದಲು ಹೌದೆಂದವರೂ ಅವರು. ಇನ್ನು ಅವರೊಂದು ಸಹಿ ಹಾಕಿದರೆ ಶಹಾಬಾದ ಜಗತ್ತಿನ ನಕ್ಷೆಯಲ್ಲಿ ಸೇರುತ್ತಿತ್ತು.

ಮಾಸ್ತರು ಬಹಳ ಹೊತ್ತು ಬಶಿಯನ್ನೇ ನೋಡಿದರು.

"ಒಂದು ವ್ಯಾಳ್ಯಾ" ಅಂದರು, "ಅವತ್ತೇ ಚಾಲೂ ಆದ್ರ?"